ಆರು ಪೈಸೆಗೆ ಕೆಟ್ಟ ರೈತ

"ಸಬ್ಸಿಡಿ ಕೊಟ್ಟು ಕೊಟ್ಟು ರೈತರನ್ನ ಕೆಡಿಸಿಬಿಟ್ರು ನೋಡ್ರಿ."

ಈ ಮಾತನ್ನು ನಾನು ಕೊಟ್ಟೂರಿನ ಮಂಡಕ್ಕಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೇಳಿದ್ದೇನೆ. ಹರಪನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕೇಳಿದ್ದೇನೆ. ಬೆಂಗಳೂರಿನ ಮದುವೆಯೊಂದರ ಊಟದ ಸಾಲಿನಲ್ಲಿ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ. ನಿವೃತ್ತ ಮೇಷ್ಟ್ರು, ಗೊಬ್ಬರದ ಅಂಗಡಿಯವರು, ಹೊಲ ಕೋರಿಗೆ ಬಿಟ್ಟು ಪೇಟೆ ಸೇರಿದವರು. ತಮಾಷೆಯೆಂದರೆ, ತೋಟಗಾರಿಕೆ ಇಲಾಖೆಗೆ ಅರ್ಜಿ ಹಾಕಿ ಕಾದು ಕಾದು ಬರಿಗೈಲಿ ಬಂದ ರೈತನೂ ಇದನ್ನೇ ಹೇಳುತ್ತಾನೆ, ತನ್ನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲರ ಬಗ್ಗೆ. ಸ್ವಲ್ಪ ಓದಿದವರ ಬಾಯಲ್ಲಿ ಅದೇ ಮಾತು ಇಸ್ತ್ರಿ ಹಾಕಿಕೊಂಡು ಬರುತ್ತದೆ: ಪ್ರಗತಿಪರ ರೈತರಿಗಷ್ಟೇ ಕೊಡಿ, ಉಳಿದವರಿಗೆ ಕೊಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇಷ್ಟು ಜನ ಇಷ್ಟು ಸಲೀಸಾಗಿ ಹೇಳುವ ಮಾತನ್ನು ಯಾರಾದರೂ ಲೆಕ್ಕ ಹಾಕಿ ನೋಡಿದ್ದಾರೆಯೇ ಎಂಬುದು ನನ್ನ ಮೊದಲ ತಕರಾರು. ನಾನು ಹಾಕಿದೆ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕಾಯಿತು.

ದೇಶದ ಹಣ್ಣು, ತರಕಾರಿ, ಹೂವು, ಸಾಂಬಾರ ಬೆಳೆಗಳಿಗೆಂದು ಕೇಂದ್ರ ಸರ್ಕಾರ ನಡೆಸುವ ಮುಖ್ಯ ಯೋಜನೆ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್. 2005-06ರಲ್ಲಿ ರಾಷ್ಟ್ರೀಯ ತೋಟಗಾರಿಕೆ ಮಿಷನ್ ಎಂದು ಶುರುವಾದದ್ದು 2014-15ರಲ್ಲಿ ಇದರೊಳಗೆ ಸೇರಿತು. 2024-25ರ ಬಜೆಟ್ಟಿನಲ್ಲಿ ಇದಕ್ಕೆ ಇಟ್ಟ ಹಣ 2,000 ಕೋಟಿ ರೂಪಾಯಿ. ದೇಶದ ತೋಟಗಾರಿಕೆ ಉತ್ಪನ್ನ ವರ್ಷಕ್ಕೆ 35 ಕೋಟಿ ಟನ್ನಿಗೂ ಹೆಚ್ಚು, ಅಂದರೆ ಆಹಾರ ಧಾನ್ಯಕ್ಕಿಂತಲೂ ಹೆಚ್ಚು. ಭಾಗಿಸಿ ನೋಡಿ. ಟನ್ನಿಗೆ 57 ರೂಪಾಯಿ ಬರುತ್ತದೆ. ಕಿಲೋಗೆ ಆರು ಪೈಸೆಯೂ ಇಲ್ಲ. ರಾಜ್ಯ ಕೊಡಬೇಕಾದ ಶೇ 40ರ ಪಾಲನ್ನು ಸೇರಿಸಿದರೂ ಹತ್ತು ಪೈಸೆ ಮುಟ್ಟುವುದಿಲ್ಲ. ಹನಿ ನೀರಾವರಿಯದು ಬೇರೆ ಲೆಕ್ಕ, ಅದಕ್ಕೆ ಆಮೇಲೆ ಬರುತ್ತೇನೆ. ಅದೇ ವರ್ಷ ರಸಗೊಬ್ಬರದ ಸಬ್ಸಿಡಿಗೆ ಇಟ್ಟದ್ದು 1.6 ಲಕ್ಷ ಕೋಟಿಗೂ ಹೆಚ್ಚು. ಅದು ಹೋಗುವುದು ಗೊಬ್ಬರದ ಕಂಪನಿಗಳ ಖಾತೆಗೆ. ಕಂಪನಿಗಳು ಇದರಿಂದ ಸೋಮಾರಿಯಾದವು ಎಂದು ಯಾವ ಮದುವೆ ಊಟದಲ್ಲೂ ನಾನು ಕೇಳಿಲ್ಲ.

ಆರು ಪೈಸೆಗೆ ಮನುಷ್ಯ ಕೆಡುತ್ತಾನೆಯೇ? ಕೆಡುವುದಾದರೆ ಅವನು ಮೊದಲೇ ಕೆಟ್ಟಿರಬೇಕು.

ಕೊಟ್ಟೂರು, ಹರಪನಹಳ್ಳಿಯ ಈ ಸೀಮೆ ಎಂಥದು ಎಂದು ದೂರದವರಿಗೆ ಎರಡು ಮಾತು ಹೇಳಬೇಕು. 2021ರಲ್ಲಿ ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಿದರು. ಅದರಲ್ಲಿ ಆರು ತಾಲ್ಲೂಕು. ಹೊಸಪೇಟೆಗೆ ಕಾಲುವೆಯಿದೆ, ಅಣೆಕಟ್ಟೆಯಿದೆ, ಹಂಪಿಯಿದೆ, ಪ್ರವಾಸಿಗರಿದ್ದಾರೆ. ಉಳಿದ ಐದು, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೆಚ್ಚಾಗಿ ಮುಗಿಲು ನೋಡಿಕೊಂಡೇ ಬದುಕುವ ಊರುಗಳು. ವರ್ಷಕ್ಕೊಮ್ಮೆ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯುವುದನ್ನು ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕೇಳುತ್ತಾರಲ್ಲ, ಅವರಲ್ಲಿ ಬಹುಪಾಲು ಮಂದಿ ಕೇಳಲು ಬಂದಿರುವುದು ಒಂದೇ ಸುದ್ದಿ: ಈ ವರ್ಷ ಮಳೆ ಹೇಗೆ. ತುಂಗಭದ್ರಾ ಅಣೆಕಟ್ಟೆಯ ಹಿನ್ನೀರು ಚಾಚಿರುವುದು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಗೇ. ಮುಳುಗಿದ್ದು ಇಲ್ಲಿಯ ಹಳ್ಳಿಗಳು, ಹರಿದದ್ದು ಬೇರೆಯವರ ಹೊಲಕ್ಕೆ. ಆ ಹಿನ್ನೀರಿನ ಕಡೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹಕ್ಕಿಗಳ ಕೆರೆಗೆ 2024ರಲ್ಲಿ ಜೌಗುನೆಲಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿತು, ಸಂತೋಷ. ಅದೇ ತಾಲ್ಲೂಕಿನ ದಾಳಿಂಬೆ ಬೆಳೆಗಾರ ಇನ್ನೂ ಟ್ಯಾಂಕರಿಗೆ ಫೋನು ಮಾಡುತ್ತಿದ್ದಾನೆ.

2002ರಲ್ಲಿ ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ಹಿಂದುಳಿದ ತಾಲ್ಲೂಕುಗಳನ್ನು ಎಣಿಸಿದಾಗ 39 ತಾಲ್ಲೂಕುಗಳನ್ನು 'ಅತ್ಯಂತ ಹಿಂದುಳಿದವು' ಎಂದು ಬರೆಯಿತು. ಕೂಡ್ಲಿಗಿ, ಹರಪನಹಳ್ಳಿ ಎರಡೂ ಆ ಪಟ್ಟಿಯಲ್ಲಿದ್ದವು. ಹರಪನಹಳ್ಳಿಯ ಕಥೆಯಂತೂ ವಿಚಿತ್ರ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯಕ್ಕಾಗಿ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು, ಮೂರು ವರ್ಷದಲ್ಲಿ ವಿಜಯನಗರಕ್ಕೆ ಸೇರಿತು. ಪ್ರತಿ ಸಲವೂ ಫೈಲು ಊರು ಬದಲಿಸಿತು. ಬಾವಿಯ ನೀರು ಇದ್ದಲ್ಲೇ ಇಳಿಯುತ್ತಿತ್ತು.

ಇಂಥ ನೆಲದಲ್ಲಿ ಸಹಾಯಧನ ಎಂದರೆ ಏನು? 'ಕೊಡುತ್ತಾರೆ' ಎಂಬ ಕ್ರಿಯಾಪದದಲ್ಲೇ ಮೋಸವಿದೆ. ಸರ್ಕಾರ ಕೊಡುವುದಿಲ್ಲ, ಹಿಂತಿರುಗಿಸುತ್ತದೆ. ಮೊದಲು ಖರ್ಚು ಮಾಡುವವನು ರೈತ. 2014ರ ಮಾರ್ಗಸೂಚಿಯ ದರದಲ್ಲೇ ಹೇಳುತ್ತೇನೆ, ಈಚೆಗೆ ದರ ಪರಿಷ್ಕರಣೆ ಆಗಿದ್ದರೂ ಕ್ರಮ ಅದೇ. ಹೊಲದಲ್ಲಿ ಪ್ಯಾಕ್‌ಹೌಸ್ ಕಟ್ಟುವುದಕ್ಕೆ 4 ಲಕ್ಷ ಅಂದಾಜು, ಅದರಲ್ಲಿ ಅರ್ಧ ಸಹಾಯಧನ. ಆ 4 ಲಕ್ಷವನ್ನು ರೈತ ಹೊಂದಿಸಬೇಕು, ಕಟ್ಟಬೇಕು, ಬಿಲ್ಲು ಇಡಬೇಕು, ಫೋಟೊ ಹೊಡೆಸಬೇಕು, ಪರಿಶೀಲನೆಗೆ ಕಾಯಬೇಕು. ಆಮೇಲೆ ಎರಡು ಲಕ್ಷ. ಒಂದು ಹೆಕ್ಟೇರಿನ ಸಣ್ಣ ನರ್ಸರಿಗೆ 15 ಲಕ್ಷ ಅಂದಾಜು, ಖಾಸಗಿಯವರಿಗೆ ಅದರಲ್ಲಿ ಅರ್ಧ. ನರ್ಸರಿ, ಶೀತಲಗೃಹ ಎಂದರೆ ಬ್ಯಾಂಕ್ ಸಾಲ ಕಡ್ಡಾಯ, ಸಹಾಯಧನ ಸಾಲದ ಹಿಂದೆ ಬರುತ್ತದೆ. ಬ್ಯಾಂಕು ಅದನ್ನು ಬೇರೆ ಖಾತೆಯಲ್ಲಿಟ್ಟುಕೊಂಡು ಸಾಲ ತೀರುವ ಹೊತ್ತಿಗೆ ಹೊಂದಿಸುತ್ತದೆ. ಕೂಡ್ಲಿಗಿಯಲ್ಲಿ ಎರಡೂವರೆ ಎಕರೆಯವನ ಪಹಣಿಯ ಮೇಲೆ 15 ಲಕ್ಷ ಕೊಡುವ ಬ್ಯಾಂಕು ಯಾವುದು? ಅವನು ಮೊದಲು ಹೋಗುವುದು ಕೈಸಾಲಕ್ಕೆ. ನೂರಕ್ಕೆ ತಿಂಗಳಿಗೆ ಎರಡೋ ಮೂರೋ ರೂಪಾಯಿ. ಸರ್ಕಾರದ ಹಣ ಬರುವುದು ಒಂದು ವರ್ಷ ತಡವಾದರೆ, ಸಹಾಯಧನದ ಅರ್ಧ ಬಡ್ಡಿಗೇ ಹೋಗಿರುತ್ತದೆ.

ಅಂದರೆ ಈ ವ್ಯವಹಾರದಲ್ಲಿ ಸಾಲ ಕೊಟ್ಟವನು ರೈತ, ಪಡೆದದ್ದು ಸರ್ಕಾರ. ಬಡ್ಡಿಯಿಲ್ಲದ ಸಾಲ. ಅವಧಿಯೂ ಇಲ್ಲದ ಸಾಲ.

ನನ್ನ ಪರಿಚಯದ ರೈತರೊಬ್ಬರ ಮನೆಯಲ್ಲಿ ಗೋಡೆಗೆ ಹೊಡೆದ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿರುತ್ತದೆ. ಬಟ್ಟೆ ಅಂಗಡಿಯದು, ಹಿಡಿಕೆ ಹರಿದು ಗಂಟು ಹಾಕಿದ್ದಾರೆ. ಅದರಲ್ಲಿ ಪಹಣಿ, ಆಧಾರ್ ನಕಲು, ಪಾಸ್‌ಬುಕ್ಕಿನ ಮೊದಲ ಪುಟ, ರೈತರ ಗುರುತಿನ ಎಫ್‌ಐಡಿ ನಂಬರು ಬರೆದ ಚೀಟಿ, ಜಾತಿ ಪ್ರಮಾಣಪತ್ರ, ಚೆಕ್ಕುಬಂದಿ, ನೀರಿನ ಮೂಲ ಇದೆ ಎಂಬುದಕ್ಕೆ ದಾಖಲೆ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ, ಇಪ್ಪತ್ತು ರೂಪಾಯಿಯ ಸ್ಟ್ಯಾಂಪು ಪೇಪರಿನ ಮೇಲೆ ಮುಚ್ಚಳಿಕೆ. ಎಲ್ಲಕ್ಕೂ ನಾಲ್ಕು ನಾಲ್ಕು ಜೆರಾಕ್ಸ್. ಅದರ ಹಿಂದೆ ಒಂದು ಫೋಟೊ: ಹೊಸ ಪೈಪಿನ ಪಕ್ಕ ಅವರು ಅಟೆನ್ಶನ್‌ನಲ್ಲಿ ನಿಂತಿದ್ದಾರೆ, ಕೆಳಗೆ ಅಕ್ಷಾಂಶ ರೇಖಾಂಶ ಮೂಡಿವೆ. "ಇದರಾಗ ನಾನು ಕಳ್ಳ ಅಲ್ಲ ಅಂತ ಬರ್ದೈತೆನ್ರಿ?" ಎಂದು ನಕ್ಕರು. ಆ ಚೀಲದ ಕೆಲಸಕ್ಕೆ ಹೋದ ದಿನಗಳನ್ನು ಕೂಲಿ ಲೆಕ್ಕದಲ್ಲಿ ಎಣಿಸಿ ಎಂದೆ. ಎಣಿಸಲು ಶುರುಮಾಡಿದರು, ಹದಿನಾಲ್ಕಕ್ಕೆ ಬಂದಾಗ ಹೆಂಡತಿ ಚಹಾ ತಂದರು, ಲೆಕ್ಕ ಅಲ್ಲಿಗೇ ನಿಂತಿತು. ಸೋಮಾರಿಗಳಿಗೆ ಈ ಕೆಲಸ ಆಗುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಹಣ ಒಂದೇ ಸಲ ಬರುವುದೂ ಇಲ್ಲ. ಹೊಸ ಹಣ್ಣಿನ ತೋಟಕ್ಕೆ ಆ ಮಾರ್ಗಸೂಚಿಯಲ್ಲಿದ್ದದ್ದು ಮೂರು ವರ್ಷದ ಕಂತು: 60, 20, 20. ಎರಡನೇ ವರ್ಷದ ಕಂತು ಬೇಕೆಂದರೆ ನೆಟ್ಟ ಗಿಡಗಳಲ್ಲಿ ಶೇ 75 ಬದುಕಿರಬೇಕು, ಮೂರನೇ ವರ್ಷಕ್ಕೆ ಶೇ 90. ಕಾಗದದ ಮೇಲೆ ಓದಿದರೆ ಬಹಳ ಜವಾಬ್ದಾರಿಯುತವಾಗಿ ಕಾಣುತ್ತದೆ. ಈಗ 2023ಕ್ಕೆ ಹೋಗೋಣ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಅದರ ಹಿಂದಿನ ವರ್ಷ ಗಿಡ ನೆಟ್ಟವನ ಗತಿ ಏನು? ಕೊಳವೆಬಾವಿ ನೀರಿನ ಬದಲು ಗಾಳಿ ಉಗುಳಿತು, ಗಿಡ ಬಾಡಿದವು. ನಿಯಮದ ಪ್ರಕಾರ ಕಂತು ನಿಲ್ಲುತ್ತದೆ. ಅಂದರೆ ಮಳೆ ಚೆನ್ನಾಗಿ ಬಂದು ಗಿಡ ತಾವಾಗಿಯೇ ಬದುಕುವ ವರ್ಷ ಸರ್ಕಾರ ಜೊತೆಗಿರುತ್ತದೆ, ಗಿಡಕ್ಕೆ ಟ್ಯಾಂಕರ್ ನೀರು ಹೊಯ್ಯಬೇಕಾದ ವರ್ಷ ಕೈಬಿಡುತ್ತದೆ. ಮಳೆ ಬಂದಾಗ ಕೊಡೆ ಹಿಡಿದು, ಬಿಸಿಲಿಗೆ ಕಿತ್ತುಕೊಳ್ಳುವ ನೆಂಟನ ಹಾಗೆ. ಗಿಡ ಸತ್ತರೆ ನಮ್ಮವರು ಹೇಳುವುದು: "ಸಬ್ಸಿಡಿ ತಗಂಡ, ತೋಟ ಒಣಗಿಸಿದ."

ಹನಿ ನೀರಾವರಿಗೆ ಬರುತ್ತೇನೆ, ಏಕೆಂದರೆ ವಿರೋಧಿಗಳ ಬತ್ತಳಿಕೆಯಲ್ಲಿ ನಿಜವಾದ ಬಾಣ ಇರುವುದು ಇಲ್ಲೇ. ಕರ್ನಾಟಕದಲ್ಲಿ ಎರಡು ಹೆಕ್ಟೇರ್‌ವರೆಗೆ ಶೇ 90ರ ತನಕ ಸಹಾಯಧನ. ಜೊತೆಗೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್. ಇವೆರಡೂ ಸೇರಿ ಅಂತರ್ಜಲ ಬರಿದಾಗಲು ಕಾರಣವಾಗಿವೆ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಹನಿಯಲ್ಲಿ ಉಳಿದ ನೀರು ಬಾವಿಯಲ್ಲಿ ಉಳಿಯಲಿಲ್ಲ, ಪಕ್ಕದ ಇನ್ನೊಂದು ಎಕರೆಗೆ ಹೋಯಿತು. ಇದು ಜಗತ್ತಿನ ಬೇರೆ ಕಡೆಯೂ ಕಂಡ ಸಂಗತಿ. ಆದರೆ ಯೋಚನೆ ಮಾಡಿ: ಒಂದೆಕರೆಗೆ ನೀರಿದ್ದವನು ಎರಡೆಕರೆ ಮಾಡಿಕೊಂಡರೆ ಅದು ಸೋಮಾರಿತನವೇ, ದುಡಿಮೆಯೇ? ತಪ್ಪು ಎಲ್ಲಿದೆಯೆಂದರೆ, ಸರ್ಕಾರ ಪೈಪನ್ನು ಎಣಿಸಿತು, ನೀರನ್ನು ಎಣಿಸಲಿಲ್ಲ. ಇಷ್ಟು ಹೆಕ್ಟೇರಿಗೆ ಹನಿ ಹಾಸಿದೆವು ಎಂಬ ಅಂಕಿ ವರ್ಷಾವರ್ಷ ವರದಿಯಲ್ಲಿ ಬರುತ್ತದೆ. ಆ ಹೊಲಗಳಲ್ಲಿ ಐದು ವರ್ಷದ ನಂತರ ಎಷ್ಟು ಬಾವಿಯಲ್ಲಿ ನೀರಿದೆ ಎಂಬ ಅಂಕಿಗೆ ಆ ವರದಿಯಲ್ಲಿ ಕಾಲಂ ಇಲ್ಲ.

ಈ ಸಹಾಯಧನದಲ್ಲಿ ಬಹುಪಾಲು ರೈತನ ಕೈ ಮುಟ್ಟುವುದೂ ಇಲ್ಲ. ಎಸ್ಟಿಮೇಟ್ ಹಾಕುವವರು ಕಂಪನಿಯ ಡೀಲರು, ಅರ್ಜಿ ತುಂಬುವವರು ಅವರೇ, ಹಣ ಹೋಗುವುದೂ ಬಹುಮಟ್ಟಿಗೆ ಅಲ್ಲಿಗೇ. ರೈತ ಸಹಿ ಹಾಕಿ ಪೈಪು ಇಸಿದುಕೊಳ್ಳುತ್ತಾನೆ. ಕಬ್ಬಿಣ, ಪ್ಲಾಸ್ಟಿಕ್, ನೆರಳು ಪರದೆ, ತಾಡಪಾಲು, ಮೋಟಾರು, ಹೀಗೆ ಅಂಗಡಿಯಲ್ಲಿ ಕೊಳ್ಳಬಹುದಾದ್ದಕ್ಕೆ ಮಾತ್ರ ನಮ್ಮಲ್ಲಿ ಸಹಾಯಧನ ಹುಟ್ಟುತ್ತದೆ. ಬಿಲ್ಲು ಆಗುವ ವಸ್ತುವೇ ಅಭಿವೃದ್ಧಿ. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ 2014-15ರಿಂದ ಕೃಷಿ ಹೊಂಡ ತೋಡಿಸಿ ಪ್ಲಾಸ್ಟಿಕ್ ಹಾಸಿದರು, ಒಳ್ಳೆಯದೇ. ಜಾರುವ ಆ ಹಾಳೆಯ ಮೇಲೆ ಮಕ್ಕಳು, ದನ ಬಿದ್ದು ಸತ್ತ ಸುದ್ದಿ ಬಂದ ಮೇಲೆ, ಯೋಜನೆಯನ್ನು ಮತ್ತೆ ಶುರುಮಾಡುವಾಗ ಸುತ್ತ ತಂತಿಬೇಲಿಯನ್ನೂ ಸೇರಿಸಿದರು. ಬೇಲಿ ಮೊದಲೇ ಯಾಕೆ ಹೊಳೆಯಲಿಲ್ಲ? ಹೊಂಡದ ದಂಡೆಯಲ್ಲಿ ಬದುಕುವವರನ್ನು ಯಾರೂ ಕೇಳಲಿಲ್ಲ, ಅದಕ್ಕೆ.

ಈಗ ದಾಳಿಂಬೆ. ಈ ಸೀಮೆಯಲ್ಲಿ ಸಹಾಯಧನದ ಚರ್ಚೆ ಎಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ದಾಳಿಂಬೆಯ ಬುಡಕ್ಕೆ. ಕೆಂಪು ಮಸಬು, ಕಲ್ಲು ನೆಲ, ಒಣ ಗಾಳಿ, ಕಡಿಮೆ ನೀರು. ಭಗವಾ ತಳಿ ಇಲ್ಲಿಗೆ ಹೇಳಿ ಮಾಡಿಸಿದಂತಿತ್ತು. ಪೇಟೆಯಲ್ಲಿ ರೇಟೂ ಇತ್ತು. ಹಾಕಿದರು. ಹಾಕಿ ಎಂದು ಹೇಳಿದವರೂ ಇದ್ದರು. 2000ದ ದಶಕದಲ್ಲಿ ದುಂಡಾಣು ಅಂಗಮಾರಿ ಬಂತು. ಮಹಾರಾಷ್ಟ್ರದ ಬೆಳೆಗಾರರು ಅದನ್ನು 'ತೇಲ್ಯಾ' ಎನ್ನುತ್ತಾರೆ, ಎಣ್ಣೆ ರೋಗ. ಹೆಸರು ಸರಿಯಾಗಿದೆ. ಎಲೆಯ ಮೇಲೆ ಎಣ್ಣೆ ಸಿಡಿದಂಥ ಸಣ್ಣ ಚುಕ್ಕೆ. ನಾಲ್ಕು ದಿನ ಮೋಡ, ಒಂದು ಜಡಿಮಳೆ, ಅಷ್ಟು ಸಾಕು. ಚುಕ್ಕೆ ಕಾಯಿಗೆ ದಾಟಿ ಕಪ್ಪಾಗುತ್ತದೆ, ಕಪ್ಪಾದಲ್ಲೇ ಸಿಪ್ಪೆ ಸೀಳುತ್ತದೆ. ಚಾಕು ತಾಗಿಸದೆ ಬಿರಿದ ಕಾಯಿ ಮರದಲ್ಲಿ ತೂಗುತ್ತಿರುವಾಗ ಒಳಗಿನ ಕೆಂಪು ಕಾಳು ಕಾಣುತ್ತದೆ. ಅದನ್ನು ನೋಡಿದವರು ಮರೆಯುವುದಿಲ್ಲ. ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ರೈತರು ತಾವೇ ನೆಟ್ಟ ಗಿಡಗಳನ್ನು ಬುಡಸಮೇತ ಕಿತ್ತು ಬೆಂಕಿ ಹಚ್ಚಿದರು. ಸಾಲ ಉಳಿಯಿತು.

ರೋಗ ಎಲ್ಲಿಂದ ಬಂತು? ಮಳೆಹನಿಯಿಂದ ಹರಡುತ್ತದೆ, ಚಾಟ್ನಿ ಕತ್ತರಿಯಿಂದ ಹರಡುತ್ತದೆ. ದೂರದ ಊರಿಗೆ ಹರಡುವುದು ಮಾತ್ರ ಸಸಿಯಿಂದ. ರೋಗದ ಮರದಿಂದ ತೆಗೆದ ಗೂಟಿ ಲಾರಿ ಹತ್ತಿ ಬಂದರೆ, ತೋಟಕ್ಕೆ ರೋಗವನ್ನು ನಾವೇ ದುಡ್ಡು ಕೊಟ್ಟು ತಂದ ಹಾಗೆ. ಹೊಸ ತೋಟ ಮಾಡಿ ಎಂದು ಎಕರೆ ಲೆಕ್ಕದಲ್ಲಿ ಹಣ ಕೊಟ್ಟ ವ್ಯವಸ್ಥೆ, ಆ ತೋಟಕ್ಕೆ ನೆಡುವ ಸಸಿ ಎಲ್ಲಿಯದು ಎಂದು ಎಷ್ಟರಮಟ್ಟಿಗೆ ನೋಡಿತು? ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾದದ್ದು 2005ರಲ್ಲಿ. ರೋಗಮುಕ್ತ ಸಸಿ ಮೂಲಕ್ಕೆಂದು ಕೇಂದ್ರ ಸಚಿವ ಸಂಪುಟ 'ಕ್ಲೀನ್ ಪ್ಲಾಂಟ್' ಕಾರ್ಯಕ್ರಮಕ್ಕೆ 1,765 ಕೋಟಿ ಮಂಜೂರು ಮಾಡಿದ್ದು 2024ರ ಆಗಸ್ಟ್‌ನಲ್ಲಿ. ಗಿಡ ಸುಟ್ಟವರ ಮಕ್ಕಳು ಅಷ್ಟು ಹೊತ್ತಿಗೆ ದೊಡ್ಡವರಾಗಿ ಬೆಂಗಳೂರಿನಲ್ಲಿ ಡೆಲಿವರಿ ಬೈಕು ಓಡಿಸುತ್ತಿದ್ದರು. ಇಪ್ಪತ್ತು ವರ್ಷ ತಡವಾಗಿ ಬಂದದ್ದಕ್ಕೂ ನನ್ನ ಸ್ವಾಗತವಿದೆ. ಆದರೆ ಈ ನಡುವಿನ ಇಪ್ಪತ್ತು ವರ್ಷ ಸೋಮಾರಿಯಾಗಿ ಕೂತವರು ಯಾರು ಎಂದು ಕೇಳುವ ಹಕ್ಕು ನಮಗೆ ಇರಲಿ.

'ಪ್ರಗತಿಪರ ರೈತ'ರ ವಿಚಾರ ಇಲ್ಲಿಯೇ ಮುಗಿಸುತ್ತೇನೆ. ಬರದ ನಾಡಿನಲ್ಲಿ ದಾಳಿಂಬೆ ಬೆಳೆದು ಲಕ್ಷ ಲಕ್ಷ ಎಣಿಸಿದ ರೈತ, ಇಂಜಿನಿಯರ್ ಕೆಲಸ ಬಿಟ್ಟು ಪಪ್ಪಾಯ ಹಾಕಿದ ಯುವಕ. ಕೃಷಿ ಪುಟದಲ್ಲಿ ಇಂಥ ಫೋಟೊ ನೋಡದ ವಾರವಿಲ್ಲ. ಸುಳ್ಳಲ್ಲ, ಆ ಕಾಯಿ ನಿಜ, ಆ ನಗುವೂ ನಿಜ. ಆ ಲೇಖನದಲ್ಲಿ ಇಲ್ಲದ್ದು ಅವನ ಹೊಲದಲ್ಲಿ ಹೊಡೆಸಿದ ಕೊಳವೆಬಾವಿಗಳ ಸಂಖ್ಯೆ, ಅದರಲ್ಲಿ ನೀರು ಬಾರದವು ಎಷ್ಟು, ಹೊರಗಿನ ಸಂಬಳ ಎಷ್ಟು ಬಂದು ಬಿತ್ತು ಎಂಬುದು. ಮೂರು ಬಾವಿ ಬತ್ತಿ ನಾಲ್ಕನೆಯದು ಹೊಡೆಸುವ ತಾಕತ್ತಿದ್ದವನಿಗೆ ನಾವಿಟ್ಟ ಹೆಸರು ಪ್ರಗತಿಪರ. ಎರಡನೆಯದಕ್ಕೇ ಹೆಂಡತಿಯ ಒಡವೆ ಅಡ ಇಟ್ಟು ನಿಂತವನಿಗೆ ನಾವಿಟ್ಟ ಹೆಸರು ಸೋಮಾರಿ. ಇಬ್ಬರೂ ಒಂದೇ ಆಟ ಆಡಿದವರು. ಸರ್ಕಾರದ ಹಣ ಬಂದದ್ದು ಗೆದ್ದ ಮೇಲೆ.

ಈರುಳ್ಳಿಯ ಕಥೆ ಬೇರೆ ಥರದ್ದು. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆ ಮುಂಗಾರಿಗೆ ಬಿತ್ತಿದ ಈರುಳ್ಳಿ ಕೀಳುವುದು ಇನ್ನೂ ಮಳೆ ಬಿಡದ ಹೊತ್ತಿಗೆ. ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಹೊರ ಸಿಪ್ಪೆ ತೆಳು. ಹೆಚ್ಚು ದಿನ ಇಟ್ಟರೆ ಕೊಳೆಯುತ್ತದೆ, ಮೊಳಕೆ ಬರುತ್ತದೆ. ಕಿತ್ತ ಕೂಡಲೇ ಚೀಲ ತುಂಬಿ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯ ಲಾರಿಗೆ ಹಾಕುವುದಲ್ಲದೆ ಬೇರೆ ದಾರಿ ಕಡಿಮೆ. ಇವರಿಗೆ ಸರ್ಕಾರದ ಯೋಜನೆ ಏನು? 25 ಟನ್ನಿನ ಈರುಳ್ಳಿ ಗೋದಾಮು: 2014ರ ಮಾರ್ಗಸೂಚಿಯ ದರದಲ್ಲಿ ಅಂದಾಜು 1.75 ಲಕ್ಷ, ಸಹಾಯಧನ 87,500 ರೂಪಾಯಿ. ಇದು ನಾಸಿಕ್ ಕಡೆಯ ಹಿಂಗಾರಿ ಈರುಳ್ಳಿಗೆ ಹೊಂದುವ ಯೋಜನೆ. ಬೇಸಿಗೆಗೆ ಕಿತ್ತು ಒಣಗಿಸಿದ ಆ ಗಡ್ಡೆ ತಿಂಗಳುಗಟ್ಟಲೆ ತಾಳುತ್ತದೆ. ನಮ್ಮ ಮುಂಗಾರಿ ಗಡ್ಡೆಗೆ ಬೇಕಿದ್ದದ್ದು ಒಣಗಿಸುವ ವ್ಯವಸ್ಥೆ, ಕಿತ್ತ ವಾರದಲ್ಲಿ ಬೆಲೆ ಬಿದ್ದರೆ ಹಿಡಿದು ನಿಲ್ಲಿಸುವ ಕೈ. ಗೋದಾಮು ಕಟ್ಟಿದವನು ಅದರಲ್ಲಿ ಮೆಕ್ಕೆಜೋಳ ಇಟ್ಟರೆ 'ದುರುಪಯೋಗ' ಎಂದು ಷರಾ ಬರೆಯುತ್ತಾರೆ. ಪಾಪ, ಅವನು ಇನ್ನೇನು ಇಡಬೇಕು?

ಒಂದು ಕೈಯಲ್ಲಿ 87,500 ಕೊಟ್ಟ ಸರ್ಕಾರ ಇನ್ನೊಂದು ಕೈಯಲ್ಲಿ ಏನು ಮಾಡಿತು? 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿನ ಮೇಲೆ ಶೇ 40 ಸುಂಕ. ಡಿಸೆಂಬರ್ 8ಕ್ಕೆ ರಫ್ತೇ ನಿಷೇಧ. ಮುಂದಿನ ವರ್ಷದ ಮೇವರೆಗೆ ಬಾಗಿಲು ಮುಚ್ಚಿತ್ತು. ಪಟ್ಟಣದವರ ಸಾರಿಗೆ ಈರುಳ್ಳಿ ಅಗ್ಗವಾಗಬೇಕು ಎಂಬುದು ಅದರ ಉದ್ದೇಶ, ಅದು ಗುಟ್ಟೇನಲ್ಲ. ಹಾಗಾದರೆ ಯಾರು ಯಾರಿಗೆ ಸಹಾಯಧನ ಕೊಟ್ಟರು? ರೇಟು ಬೀಳಿಸಿದ ಹಣವನ್ನು ಲೆಕ್ಕ ಹಾಕಿದರೆ, ಬಯಲುಸೀಮೆಯ ಬೆಳೆಗಾರ ಬೆಂಗಳೂರಿನ ಅಡುಗೆಮನೆಗೆ ಸಬ್ಸಿಡಿ ಕೊಟ್ಟ. ಬೆಂಗಳೂರು ಅದರಿಂದ ಕೆಟ್ಟಿತೋ ಇಲ್ಲವೋ ನಾನು ಹೇಳಲಾರೆ.

ಹಡಗಲಿ ಮಲ್ಲಿಗೆಯನ್ನು ಬಿಟ್ಟರೆ ಊರಿನವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹಡಗಿನಲ್ಲಿ ವಿರೂಪಾಕ್ಷನಿಗೆ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಎನ್ನುವ ಐತಿಹ್ಯವಿದೆ. ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಬೆಳಕು ಹರಿಯುವ ಮೊದಲು ತಲೆಗೆ ಬ್ಯಾಟರಿ ಕಟ್ಟಿಕೊಂಡು ಮೊಗ್ಗು ಬಿಡಿಸುವವರು ಹೆಣ್ಣುಮಕ್ಕಳು. ಬಿಸಿಲು ಏರಿದರೆ ಮೊಗ್ಗು ಬಿರಿಯುತ್ತದೆ, ಬಿರಿದರೆ ರೇಟಿಲ್ಲ. ಗೌರಿ ಹಬ್ಬಕ್ಕೆ ಒಂದು ಬೆಲೆ, ಆಷಾಢಕ್ಕೆ ಒಂದು. ಹೂವು ಉಳಿದ ದಿನ ಕೊಳ್ಳಲು ಒಂದು ಸುಗಂಧ ದ್ರವ್ಯದ ಘಟಕ ಬೇಕು ಎಂಬ ಬೇಡಿಕೆ ಇಲ್ಲಿ ಹಳೆಯದು. ಬಿಡಿಸುವವಳ ಹೆಸರಿನಲ್ಲಿ ಪಹಣಿ ಇಲ್ಲ. ಎಷ್ಟೋ ಕಡೆ ಗಂಡನ ಹೆಸರಿನಲ್ಲೂ ಇಲ್ಲ, ಅದು ಲಾವಣಿಗೆ ಹಿಡಿದ ತೋಟ. 1974ರ ತಿದ್ದುಪಡಿಯ ಮೇಲೆ ಕರ್ನಾಟಕದಲ್ಲಿ ಗೇಣಿ ಕಾನೂನುಬಾಹಿರ, ಆದ್ದರಿಂದ ಅದಕ್ಕೆ ಕಾಗದವಿರುವುದಿಲ್ಲ. ಕಾಗದ ಇಲ್ಲದವರಿಗೆ ಅರ್ಜಿಯ ಮೊದಲ ಕಾಲಮ್ಮಿನಲ್ಲೇ ಜಾಗವಿಲ್ಲ. ನೆಲದ ಒಡೆಯ ಹೊಸಪೇಟೆಯಲ್ಲಿದ್ದರೂ ಸಹಾಯಧನ ಅವನ ಖಾತೆಗೆ. 'ರೈತರಿಗೆ ಕೊಟ್ಟರು, ಕೆಟ್ಟರು' ಎನ್ನುವವರು ಮೊದಲು ಯಾವ ರೈತರಿಗೆ ಎಂದು ಕೇಳಿಕೊಳ್ಳಲಿ. ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವವರಂತೂ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಕದ್ದವರಿಲ್ಲವೇ? ಇದ್ದಾರೆ. ಒಂದೇ ಮೋಟಾರಿಗೆ ಎರಡು ಹೊಲದಲ್ಲಿ ಫೋಟೊ ಹೊಡೆಸಿದವರನ್ನು, ಹಾಸಿದ ಪೈಪು ಸುತ್ತಿ ಗುಜರಿಗೆ ಹಾಕಿದವರನ್ನು ನಾನೂ ಬಲ್ಲೆ. ಅಂಥವರ ಬೆನ್ನಿಗೆ ಒಂದು ಬಿಲ್ಲು, ಒಂದು ಸೀಲು, ಒಂದು ಸಹಿ ಇರುತ್ತದೆ. ಒಂಟಿ ಕೈಯಿಂದ ಈ ಚಪ್ಪಾಳೆ ಆಗುವುದಿಲ್ಲ. ನಮ್ಮ ಹೋಟೆಲಿನ ಬೆಂಚಿನ ಮೇಲೆ ಮಾತ್ರ ಯಾವಾಗಲೂ ಒಂದು ಕೈಯ ಹೆಸರೇ ಬರುತ್ತದೆ.

ಹಾಗಾದರೆ ನಿಲ್ಲಿಸಬೇಕೆ, ಹೆಚ್ಚಿಸಬೇಕೆ? ಹಣ ಬೀಳುವ ಜಾಗ ಬದಲಿಸಿ ಎನ್ನುವುದು ನನ್ನ ವಾದ. ಅಮೆರಿಕದಲ್ಲಿ ಹಣ್ಣು, ತರಕಾರಿ, ಹೂವು, ನರ್ಸರಿ ಗಿಡಗಳನ್ನು ಒಟ್ಟಾಗಿ 'ಸ್ಪೆಷಾಲ್ಟಿ ಕ್ರಾಪ್' ಎನ್ನುತ್ತಾರೆ. 2004ರ ಕಾಯ್ದೆಯೊಂದರಿಂದ ಹುಟ್ಟಿದ ಅವರ ಅನುದಾನ ರಾಜ್ಯಗಳ ಕೃಷಿ ಇಲಾಖೆಗಳ ಮೂಲಕ ಹೋಗುತ್ತದೆ. ಒಬ್ಬನೇ ಬೆಳೆಗಾರನಿಗೆ ಲಾಭವಾಗುವ ಕೆಲಸಕ್ಕೆ ಅದನ್ನು ಕೊಡುವಂತಿಲ್ಲ. ರೋಗ, ಕೀಟ, ತಳಿ, ಮಾರುಕಟ್ಟೆ, ಇಂಥ ಎಲ್ಲರಿಗೂ ಸೇರಿದ ಕೆಲಸಕ್ಕೆ ಮಾತ್ರ. ಆ ದೇಶ ರೈತರ ಸ್ವರ್ಗವೇನಲ್ಲ, ದೊಡ್ಡವರಿಗೆ ದೊಡ್ಡ ತುತ್ತು ಅಲ್ಲಿಯೂ ಇದೆ. ಆದರೆ ಆ ಒಂದು ನಿಯಮವನ್ನು ಕದ್ದು ತರಬಹುದು. ಕೂಡ್ಲಿಗಿ, ಕೊಟ್ಟೂರಿಗೆ ಬೇಕಿರುವುದು ನಂಬುವಂಥ ದಾಳಿಂಬೆ ಸಸಿ ಸಿಗುವ ಒಂದು ನರ್ಸರಿ, ಚುಕ್ಕೆ ಕಂಡ ದಿನವೇ ಹೊಲಕ್ಕೆ ಬರುವ ಒಬ್ಬ ರೋಗ ಬಲ್ಲವನು, ಈರುಳ್ಳಿ ಕೀಳುವ ಆರು ವಾರ ತೆರೆದಿರುವ ಖರೀದಿ ಕೇಂದ್ರ. ಎಲ್ಲಕ್ಕೂ ಮೊದಲು ಕೆರೆಗೆ ನೀರು. ಕೂಡ್ಲಿಗಿಯ 74 ಕೆರೆ, ಹರಪನಹಳ್ಳಿಯ 60 ಕೆರೆ ತುಂಬಿಸುವ ಯೋಜನೆಗಳ ಬಗ್ಗೆ ಜನ ವರ್ಷಗಟ್ಟಲೆ ಮಾತಾಡಿದ್ದು ಸುಮ್ಮನೆ ಅಲ್ಲ. ಕೆರೆ ತುಂಬಿದರೆ ಸುತ್ತಲಿನ ಬಾವಿಗೆ ನೀರು ಜಿನುಗುತ್ತದೆ, ಅದಕ್ಕೆ ಎಫ್‌ಐಡಿ ಬೇಕಾಗಿಲ್ಲ. ಕೋರಿನವನ ಬಾವಿ, ಒಡೆಯನ ಬಾವಿ ಎಂದು ನೀರು ಪಹಣಿ ನೋಡುವುದಿಲ್ಲ. ಇನ್ನು ಒಬ್ಬೊಬ್ಬರಿಗೆ ಕೊಡುವುದನ್ನು ಸಣ್ಣ ಹಿಡುವಳಿಯವರಿಗೆ ಮುಂಗಡವಾಗಿ ಕೊಡಿ, ಬರ ಘೋಷಿಸಿದ ವರ್ಷ ಕಂತು ನಿಲ್ಲಿಸಬೇಡಿ. ಇಷ್ಟಕ್ಕೆ ಹೊಸ ಕಾಯ್ದೆ ಬೇಡ, ಒಂದು ಸುತ್ತೋಲೆ ಸಾಕು.

ಮೊಳೆಗೆ ಚೀಲ ತೂಗುಹಾಕಿದ ರೈತರ ಹೊಲಕ್ಕೆ ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ದಾಳಿಂಬೆ ಇಲ್ಲ. ಸಾಲಿನ ಗುರುತು ಮಾತ್ರ ಇತ್ತು, ನಡುವೆ ಸಜ್ಜೆಯ ಕೂಳೆ. ಬಾವಿ ನಾಲ್ಕೇ ವರ್ಷಕ್ಕೆ ನಿಂತಿತಂತೆ. ಕಪ್ಪು ಪೈಪುಗಳನ್ನು ಸಿಂಬಿ ಸುತ್ತಿ ಬೇವಿನ ಮರದ ಕೊಂಬೆಗೆ ಹಾಕಿದ್ದರು, ಇಲಿ ಕಡಿಯದಿರಲಿ ಎಂದು. ಗುಜರಿಯವನು ಎರಡು ಸಲ ಬಂದು ಕೇಳಿದನಂತೆ, ಕೊಟ್ಟಿಲ್ಲ. "ನೀರು ಬಂದ್ರ ಬೇಕಾಕ್ಕಾವಲ್ರಿ" ಎಂದರು. ಇಲಾಖೆಯ ದಾಖಲೆಯಲ್ಲಿ ಆ ಸರ್ವೆ ನಂಬರಿನ ಮುಂದೆ 'ಸೌಲಭ್ಯ ಪಡೆದಿದ್ದಾರೆ' ಎಂದಿದೆ. ಹನಿ ನೀರಾವರಿಗೆ ಮತ್ತೆ ಅರ್ಜಿ ಹಾಕಬೇಕೆಂದರೆ ಏಳು ವರ್ಷ ತುಂಬಬೇಕು. ಅವರಿಗೆ ಇನ್ನೂ ಎರಡು ವರ್ಷ ಬಾಕಿ ಇದೆ.